ಲಾಳಿಯ ನೇರಕ್ಕೆ ನಿಂತು ಕೇಳಿದ್ದು

ಆಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಬೇಸಿಗೆ ರಜೆಯೆಂದರೆ ಮಗ್ಗದ ಸದ್ದಿನೊಳಗೇ ಆಟ. ಗಂಜಿ ಹಾಕಿದ ನೂಲಿನ ವಾಸನೆ, ಮಷಿನ್ ಎಣ್ಣೆಯ ವಾಸನೆ, ಬಾಯಲ್ಲಿ ಹುಣಸೆಹಣ್ಣು. ಶೆಡ್ಡಿನ ಹೊಸ್ತಿಲ ಬಳಿ ಸೀಮೆಸುಣ್ಣದ ಗೆರೆ ಎಳೆದು ಹುಲಿ-ಆಡಿನ ಆಟ ಹೂಡುತ್ತಿದ್ದೆವು. ನೂಲು ಸುತ್ತುವ ಕಂಡಿಕೆಯ ಚೂರುಗಳು ಹುಲಿ, ಹುಣಸೆ ಬೀಜಗಳು ಆಡು.

ಆ ಮಧ್ಯಾಹ್ನ ಅಣ್ಣ ಈರಣ್ಣನ ಆಡುಗಳು ಹುಲಿಗಳನ್ನು ಇನ್ನೇನು ಕಟ್ಟಿಹಾಕಬೇಕು, ಹುಲಿ ಆಡಿಸುತ್ತಿದ್ದ ಕಾಕಾನ ಮಗ ಮಲ್ಲು ಒಂದು ಆಡನ್ನು ಹಾರಿ ತಿಂದು, ಕೈ ಎತ್ತದೆ ಮುಂದಿನದನ್ನೂ ಹಾರಿಬಿಟ್ಟ.

"ಲೇ, ಒಂದ ಸಲಕ್ಕ ಎರಡ ತಿಂತೈತೇನ ನಿನ್ನ ಹುಲಿ?"

"ನಾ ಕೈ ಎತ್ತಿಲ್ಲ. ಹಸದೈತಿ, ತಿಂತೈತಿ."

"ನಿನ್ನಂಗ ಹೊಟ್ಟಿಬಾಕ ಅದು. ನಡಿ, ಕಾಕಾಗ ಕೇಳೂಣು."

ಒಳಗೆ ಮಗ್ಗ ನಡೆಸುತ್ತಿದ್ದ ಕಾಕಾ ಎಂದೂ ಮಗನ ಪರ ವಹಿಸಿದವನಲ್ಲ. ಆದರೆ ಓಡುವ ಮಗ್ಗಗಳ ನಡುವೆ ಕೂಗಿದರೆ ಕೇಳಿಸದು. ಶೆಡ್ಡಿನಲ್ಲಿ ಎಲ್ಲ ಮಾತೂ ಕೈಸನ್ನೆಯಲ್ಲೇ. ಸನ್ನೆ ಕಾಣಲೆಂದು ಅಣ್ಣ ಮಗ್ಗದ ತುದಿಗೆ ಹೋಗಿ, ಅಡ್ಡನೂಲು ಹೊತ್ತ ಲಾಳಿ ಅತ್ತಿಂದಿತ್ತ ಓಡುವ ನೇರಕ್ಕೆ ನಿಂತ. ಅಲ್ಲಿ ನಿಲ್ಲಬಾರದೆಂದು ನಮಗೆಲ್ಲ ಗೊತ್ತಿತ್ತು. ಬೆರಳನ್ನು ಎರಡು ಸಲ ಹಾರಿಸಿ, ಹುಬ್ಬೇರಿಸಿ ಕೇಳಿದ.

ಕಾಕಾ ನಗುತ್ತ ಕೈ ಎತ್ತಿದ. ನಗು ಅರ್ಧಕ್ಕೇ ನಿಂತಿತು. ಬಾಯಿ ತೆರೆದು ಏನೋ ಕೂಗಿದ, ನಮಗೆ ಕೇಳಿಸಲಿಲ್ಲ. ಕಬ್ಬಿಣದ ಮೂತಿಯ ಲಾಳಿ ಮಗ್ಗದಿಂದ ಚಿಮ್ಮಿ, ಅಣ್ಣನ ಹುಬ್ಬು ಸೀಳಿ, ಹಿಂದಿನ ಗೋಡೆಗೆ ಬಡಿಯಿತು. ಮುಖ ಮುಚ್ಚಿಕೊಂಡು ಕುಸಿದವನ ಬೆರಳುಗಳ ಸಂದಿಯಿಂದ ರಕ್ತ.

ಯಾರೋ ಕರೆಂಟ್ ತೆಗೆದರು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

"ಕಣ್ಣ ತೆಗಿಯೋ ಈರ್ಯಾ. ತೆಗಿ ನನ್ನಪ್ಪಾ. ಕಾಣತೈತೇನು?" ಕಾಕಾ ಧೋತರದ ಚುಂಗಿನಿಂದ ರಕ್ತ ಒರೆಸುತ್ತಿದ್ದ.

ಅಣ್ಣ ಅಂಟಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿದ. "ಕಾಣತೈತಿ ಕಾಕಾ... ಮೊದಲ ಅಂವಗ ಹೇಳ."

"ಒಂದ ಲೇ! ಒಂದ ಸಲಕ್ಕ ಒಂದ ಆಡು!" ಎನ್ನುತ್ತಲೇ ಕಾಕಾ ಅತ್ತುಬಿಟ್ಟ. ತಿಂದ ಎರಡೂ ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದ ಮಲ್ಲು ಬಾಗಿಲಲ್ಲಿ ಬಿಕ್ಕುತ್ತಿದ್ದ.

ಸಂಜೆ ಕಾಕಾ ನೀರು ಸುರಿದು ಹೊಸ್ತಿಲ ಗೆರೆಗಳನ್ನು ಅಳಿಸಿದ. ಅಣ್ಣ, ಮಲ್ಲು ಇಬ್ಬರೂ ಮತ್ತೆ ಆಟಕ್ಕೆ ಎದುರುಬದುರು ಕೂರಲಿಲ್ಲ. ಲಾಳಿ ಬೆರಳಗಲ ಕೆಳಗೆ ತಾಗಿದ್ದರೆ ಎಂದು ನಾನು ಇಂದಿಗೂ ಬೆಚ್ಚುತ್ತೇನೆ.

ಈಗ ನನ್ನ ಮಗಳು ಅದೇ ಆಟವನ್ನು ಮೊಬೈಲಿನಲ್ಲಿ ಆಡುತ್ತಾಳೆ. ಎರಡನೆಯ ಆಡಿನ ಮೇಲೆ ಹಾರಲು ಅದು ಹುಲಿಯನ್ನು ಬಿಡುವುದೇ ಇಲ್ಲ. ಜಗಳವಿಲ್ಲ, ಯಾರನ್ನೂ ಕೇಳಲು ಏಳಬೇಕಿಲ್ಲ. ನೋಡಿ ನನಗೆ ನೆಮ್ಮದಿಯಾಗುತ್ತದೆ. ಆದರೆ ಅವಳ ಎದುರಿಗೆ ಯಾರೂ ಕೂತಿರುವುದಿಲ್ಲ.