ಅಗಸಿ ಕಂಡರೆ ಓಡುವ ಎತ್ತು

ಮೊನ್ನೆ ಸಂಜೆ ಮೊಮ್ಮಗಳ ಕಾರು ಅಂಗಳಕ್ಕೆ ಬಂದು ನಿಂತಾಗ ಏನೋ ಸುಟ್ಟ ವಾಸನೆ ಅಡಿಗೆಮನೆತನಕ ಬಂತು. ಬೆಂಕಿ ಹತ್ತಿತು ಅಂತ ತಿಳಿದು ನಾನು ತಂಬಿಗೆ ನೀರು ಹಿಡಕೊಂಡು ಓಡಿದೆ. ಓಡಿದೆ ಅಂದರೆ ನನ್ನ ವಯಸ್ಸಿನ ಓಟ. ಬಾಗಿಲು ಮುಟ್ಟುವುದರೊಳಗೆ ಅರ್ಧ ನೀರು ಸೀರೆಯ ಪಾಲಾಗಿತ್ತು.

"ಬೆಂಕಿ ಅಲ್ಲಜ್ಜಿ, ಬ್ರೇಕು ಕಾದಾವ" ಅಂತ ರೇಣುಕಾ ನಕ್ಕಳು. "ರೇಸಿನ್ಯಾಗ ಓಡಿಸಿ ಸವದು ಹೋಗ್ಯಾವ."

ಈಕೆಗೆ ಕಲಬುರಗಿಯಲ್ಲಿ ಟೈರಿನ ಅಂಗಡಿ ಇದೆ. ರಜೆ ಸಿಕ್ಕಿತೋ, ಎಲ್ಲೋ ತಮಿಳು ಸೀಮೆಯ ರೇಸಿನ ಮೈದಾನಕ್ಕೆ ಹೋಗಿ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಾಳೆ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕೋ ನನಗೆ ತಿಳಿಯದು. ಈ ಸಲ ಎರಡನೇ ನಂಬರು ಬಂದು, ಕಪ್ಪು ತಂದು ನನ್ನ ಕೈಯಲ್ಲಿ ಇಟ್ಟಳು ನೋಡ್ರಿ! ಓಣಿಯಲ್ಲಿ ಮನೆಮನೆಗೆ ಹೋಗಿ ತೋರಿಸಿದೆ. ಹಾಲು ಹಾಕುವವನಿಗಂತೂ ಎರಡು ಸಲ ತೋರಿಸಿದೆ.

ಚಹಾ ಕುಡಿಯುತ್ತ ಆಕೆ ಮಾತು ತೆಗೆದಳು. "ಅಜ್ಜಿ, ರೇಸಿಗಂತನ ಮಾಡಿದ ಕಾರು ಬ್ಯಾರೆ ಒಂದು ತಗೋಬೇಕು ಅಂತ ಮಾಡೇನಿ. ಅಪ್ಪ ಬ್ಯಾಡ ಅಂತಾನ. ರೋಡಿನ ಮ್ಯಾಲ ಓಡಿಸೋ ಕಾರನ್ನೇ ಅಲ್ಲೂ ಓಡಿಸು ಅಂತಾನ. ಕಡೀಕ, ನಿಮ್ಮಜ್ಜಿ ಹೂಂ ಅಂದ್ರ ನಂದೂ ಹೂಂ ಅಂದ."

ಮಠದ ಅಯ್ಯನವರ ಹತ್ತಿರ ಅಕ್ಷರ ಕಲಿತದ್ದೇ ನನ್ನ ಶಾಲೆ. ನನ್ನನ್ನು ಕಾರಿನ ಸಂಗತಿ ಕೇಳುತ್ತಾರಲ್ಲ, ಹಿಗ್ಗಲೋ ಬೇಡವೋ ನೀವೇ ಹೇಳ್ರಿ. ಆದರೆ ನನ್ನ ಮಗ ಭಾಳ ಶಾಣ್ಯಾ. ಅವ್ವ ಹೂಂ ಅನ್ನುವುದಿಲ್ಲ ಅಂತ ಖಾತ್ರಿ ಇದ್ದೇ ಅವನು ಹಾಗೆ ಅಂದದ್ದು. ಯಾಕಂದರೆ ಆ ಎತ್ತಿನ ಕಥೆಯನ್ನು ನಾನು ಅವನ ತೊಟ್ಟಿಲಿನಿಂದಲೂ ಹೇಳಿಕೊಂಡು ಬಂದಿದ್ದೇನೆ.

ಅದು ನಲವತ್ತೆಂಟನೇ ಇಸವಿಯ ಮಾತು. ಇಜೇರಿ ಹತ್ತಿರದ ಹಳ್ಳಿಗೆ ನನ್ನನ್ನು ಕೊಟ್ಟು ಎರಡು ವರ್ಷ ಆಗಿತ್ತು. ತವರು ಆಳಂದದ ಕಡೆ. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಹೋಗಬೇಕು. ಹಿಂದೂ-ಮುಸಲ್ಮಾನರ ಗದ್ದಲದ ವರ್ಷ, ಪೆಟ್ರೋಲಿಲ್ಲದೆ ಮೋಟಾರು ನಿಂತಿದ್ದವು. ಎತ್ತಿನ ಗಾಡಿಯೊಂದೇ ದಿಕ್ಕು. ಹಗಲೂ ರಾತ್ರಿ ನನಗೆ ಒಂದೇ ಧ್ಯಾನ: ಹೊಳೆ ತುಂಬುವುದರೊಳಗೆ ಅವ್ವನ ಮನೆ ಮುಟ್ಟಬೇಕು.

ನಮ್ಮವರಿಗೆ ಬೇರೆ ಧ್ಯಾನ. (ಅವರ ಹೆಸರು ಬಾಯಲ್ಲಿ ಹೇಳಿದವಳಲ್ಲ, ಈಗ ಬರೆಯಲಿಕ್ಕೂ ಕೈ ಬರುವುದಿಲ್ಲ.) ಕಾರಹುಣ್ಣಿಮೆಗೆ ನಮ್ಮ ಕಡೆ ಕರಿ ಹರಿಯುತ್ತಾರೆ. ಊರಬಾಗಿಲು, ಅಂದರೆ ಅಗಸಿಗೆ ಬೇವಿನ ತಪ್ಪಲು, ಕೊಬ್ಬರಿ ಕಟ್ಟಿದ ಹಗ್ಗ ಅಡ್ಡ ಬಿಗಿದು ಎತ್ತುಗಳನ್ನು ಓಡಿಸುತ್ತಾರೆ. ಹಗ್ಗ ಹರಿದ ಎತ್ತು ಬಿಳಿಯದಾದರೆ ಹಿಂಗಾರಿ ಬೆಳೆ ಛಲೋ, ಕೆಂಪಾದರೆ ಮುಂಗಾರಿ ಛಲೋ. ನಮ್ಮವರು ಅದನ್ನು ಗೆದ್ದೇ ತೀರಬೇಕು ಅಂತ, ಹೊಲ ಊಳುತ್ತಿದ್ದ ಕೆಂಚನನ್ನು ಅಫಜಲಪುರದ ಸಂತೆಗೆ ಹೊಡಕೊಂಡು ಹೋಗಿ, ಅದರ ಬದಲಿಗೆ ಓಟದ ಎತ್ತು ತಂದರು. ಜೋಡಿಯಲ್ಲಿ ಉಳಿದದ್ದು ಬಿಳಿಯ ಒಬ್ಬನೇ.

ಹೊಸ ಎತ್ತು ನೋಡಲಿಕ್ಕೆ ಜಿಂಕೆ. ಅದನ್ನು ಹೊಲಕ್ಕೆ ಹೂಡುವಂತಿಲ್ಲ. ದಿನಾ ನೆನೆಸಿದ ಹುರಳಿ, ಬೆಣ್ಣೆ, ತತ್ತಿ. ನನ್ನ ಪಾಲಿಗೆ ಮಜ್ಜಿಗೆ. "ಈ ಮನ್ಯಾಗ ಬಸುರಿ ಯಾರಲೇ? ಸೊಸಿಯೋ, ಎತ್ತೋ?" ಅಂತ ಅತ್ತೆ ಮಗನಿಗೆ ಕೇಳಿದರು. ಮಗ ಎತ್ತಿನ ಬೆನ್ನು ಸವರಿದರು. ಎರಡು ತಿಂಗಳು ಬೆಳಿಗ್ಗೆ ಸಂಜೆ ಅಗಸಿಗೆ ಬೇವಿನ ತಪ್ಪಲಿನ ಹಗ್ಗ ಕಟ್ಟಿ, ಬೆನ್ನಿಗೆ ಬಾರುಕೋಲು ತಾಗಿಸಿ, ಅದರೊಳಗಿಂದ ಓಡಿಸಿದ್ದೇ ಓಡಿಸಿದ್ದು.

ಹುಣ್ಣಿಮೆಗೆ ಗೆದ್ದೆವು. ಎತ್ತು ಕೆಂಪು, ಊರಿನ ಹೊಲವೆಲ್ಲ ಹಿಂಗಾರಿ. "ನಿನ್ನ ಎತ್ತಿನ ಮಾರಿಗೆ ನಮ್ಮ ಬಿಳಿಜ್ವಾಳ ಕೆಟ್ಟಿತು" ಅಂತ ಊರವರು ಬೈದರು. ನಮ್ಮವರು ಅದನ್ನೂ ಹೊಗಳಿಕೆ ಅಂತಲೇ ತಿಳಿದರು.

ಎಂಟು ದಿನ ಬಿಟ್ಟು ಅದೇ ಎತ್ತನ್ನು ಬಿಳಿಯನ ಜೋಡಿ ಗಾಡಿಗೆ ಹೂಡಿದರು. ಬೇರೆ ಎತ್ತು ಎಲ್ಲಿತ್ತು? ನಮ್ಮ ಅಗಸಿ ದಾಟುವಾಗಲೇ ಗಾಡಿ ಜಿಗಿಯಿತು. "ಮನಿ ಬಿಟ್ಟ ಹುರುಪು" ಅಂದರು. ಆಮೇಲೆ ದಾರಿ ಊರ ಹೊರಗಿಂದಲೇ ಇತ್ತು, ಎತ್ತು ಸೌಮ್ಯವಾಗಿ ನಡೆಯಿತು. ಭೀಮಾ ಹೊಳೆ ದಾಟಿದೆವು. ಹವಳಗಾದ ಕಡೆಯ ಒಂದು ಹಳ್ಳಿಯಲ್ಲಿ ಗಾಡಿದಾರಿ ಅಗಸಿಯೊಳಗೇ ಹೋಗಿತ್ತು. ಕಾರಹುಣ್ಣಿಮೆಯ ಒಣಗಿದ ಬೇವಿನ ತಪ್ಪಲು ಇನ್ನೂ ಮೇಲೆ ಜೋತಾಡುತ್ತಿತ್ತು.

ಎತ್ತು ಅದನ್ನು ಕಂಡಿತು. ಅಷ್ಟೇ. ಬಿಳಿಯನನ್ನೂ ಎಳಕೊಂಡು ಬಿಟ್ಟ ಬಾಣದ ಹಾಗೆ ಹೊರಟಿತು. ನಾನು ಒಂದು ಕೈಯಲ್ಲಿ ಹೊಟ್ಟೆ, ಒಂದು ಕೈಯಲ್ಲಿ ಗಾಡಿಯ ಗೂಟ ಹಿಡಿದಿದ್ದೆ. ಬುತ್ತಿಯ ಗಂಟು ಹಾರಿತು, ರೊಟ್ಟಿ ಬೀದಿಪಾಲಾದವು. ಕಟ್ಟೆ ಮೇಲಿನ ಗಂಡಸರು ಸಿಳ್ಳೆ ಹಾಕಿದರು. ಊರ ಆಚೆ ಹೋಗಿ ಗಾಡಿ ನಿಂತಾಗ ನಮ್ಮವರು ತಿರುಗಿ, ಮುಖವೆಲ್ಲ ಹಲ್ಲಾಗಿ, "ನೋಡಿದೇನು ಓಟ?" ಅಂದರು.

ನಾನು ಇಳಿದೆ. ಗಂಡನಿಗೆ ಎದುರು ಮಾತಾಡಿದ್ದು ಅವತ್ತೇ ಮೊದಲು. "ನೀವು ಓಡಿಸ್ಕೋತ ಹೋಗ್ರಿ. ನಾ ನಡಕೋತ ಬರ್ತೇನಿ."

ಬೆನ್ನಟ್ಟಿ ಬಂದಿದ್ದ ಹುಸೇನಸಾಬ ಅನ್ನುವ ಮುದುಕ ರೈತ ಎತ್ತನ್ನು ಸುತ್ತುಹಾಕಿ ನೋಡಿದ. "ಅರೇ ಭಾಯಿ, ಅಗಸಿಯೊಳಗ ಓಡಾಕ ಇದಕ್ಕ ಯಾರು ಕಲಿಸ್ಯಾರ?"

ನಮ್ಮವರು ನೆಲ ನೋಡಿದರು.

"ಆಳಂದತನಕ ಇನ್ನೂ ಏಳೆಂಟು ಅಗಸಿ ಅದಾವ. ಇದು ಎಲ್ಲಾ ಗೆಲ್ಲತದ. ಈ ಬೇಟಿ ಎಲ್ಲಿ ಹಡೀಬೇಕು?"

ಅವನು ತನ್ನ ಕೊಟ್ಟಿಗೆಯಿಂದ ಒಂದು ಎತ್ತು ಬಿಚ್ಚಿಕೊಂಡು ಬಂದ. ಒಂದು ಕೊಂಬು ಮುರಿದಿತ್ತು, ಹೊಟ್ಟೆ ನನ್ನದಕ್ಕಿಂತ ದೊಡ್ಡದು. "ಇದನ್ನ ಹೂಡ್ರಿ. ಬರೋ ಮುಂದ ನಿಮ್ಮದು ಒಯ್ಯಿರಿ." ಗುರುತಿಲ್ಲ ಪರಿಚಯವಿಲ್ಲ, ಅದೂ ಅಂಥ ವರ್ಷದಲ್ಲಿ! ಆ ಒಂಟಿಕೊಂಬಿನವನು ಹೊತ್ತು ಮುಳುಗಿದರೂ ಚಿಂತೆಯಿಲ್ಲ ಅನ್ನುವ ಹಾಗೆ ನಡೆದು, ನನ್ನನ್ನು ಅವ್ವನ ಹೊಸ್ತಿಲ ಮುಂದೆ ಇಳಿಸಿದ. ಎರಡು ತಿಂಗಳಿಗೆ ಮಗ ಹುಟ್ಟಿದ.

ನಮ್ಮವರು ತಿರುಗಿ ಹೋಗುವಾಗ ಓಟದ ಎತ್ತನ್ನು ಹುಸೇನಸಾಬನ ಹತ್ತಿರವೇ ಬಿಟ್ಟು, ಒಂಟಿಕೊಂಬಿನವನನ್ನೇ ಕೇಳಿ ಪಡೆದರು. ಮುಂದಿನ ಕಾರಹುಣ್ಣಿಮೆಗೆ ಅದನ್ನೂ ಓಡಿಸಿದರು ಅನ್ನಿ, ಚಟ ಹೋಗುತ್ತದೆಯೇ? ಅದು ಅಗಸಿಯ ತನಕ ಹೋಗಿ, ನಿಂತು, ಬೇವಿನ ತಪ್ಪಲು ಮೇಯ್ದು ಬಂತು.

ಇಷ್ಟು ಹೇಳಿ, "ಅದಕ್ಕ ನಾ ಹೂಂ ಅನ್ನಂಗಿಲ್ಲ" ಅಂದೆ.

ರೇಣುಕಾ ಚಹಾದ ಕಪ್ಪು-ಬಸಿ ಕೆಳಗಿಟ್ಟಳು. "ಅಜ್ಜಿ, ತಪ್ಪು ಎತ್ತಿಂದೋ, ಗಾಡಿಗೆ ಹೂಡಿದವರದೋ?"

ಅರವತ್ತು ವರ್ಷ ಹೇಳಿದ ಕಥೆ. ಹಾಗೆ ಯಾರೂ ಕೇಳಿರಲಿಲ್ಲ. ಆ ಬಡಪ್ರಾಣಿ ಕಲಿಸಿದ್ದನ್ನೇ ಮಾಡಿತ್ತು. ಆಕೆ ಮತ್ತೆ ಹೇಳಿದಳು: "ರೇಸಿನ ಕಾರು ರೋಡಿಗೆ ಇಳಿಯಂಗೇ ಇಲ್ಲ. ಲಾರಿ ಮ್ಯಾಲ ಹಾಕ್ಕೊಂಡು ಮೈದಾನಕ್ಕ ಒಯ್ಯಬೇಕು. ಈಗ ನೋಡು, ಅಲ್ಲಿ ಬ್ರೇಕು ಸವಸಿ, ಅದೇ ಕಾರಿನ್ಯಾಗ ತಿಂಗಳಿಗೊಮ್ಮೆ ನಿನ್ನ ದವಾಖಾನಿಗೆ ಕರಕೊಂಡು ಹೋಗಾಕತ್ತೇನಿ."

"ಅದರಾಗ ಎಷ್ಟು ಮಂದಿ ಕೂಡಬಹುದು?"

"ಒಂದೇ ಸೀಟು, ಅಜ್ಜಿ. ಓಡಿಸೋರಿಗೆ ಅಷ್ಟೇ."

"ಹಿಂದ?"

"ಹಿಂದ ಬರೀ ಕಬ್ಬಿಣದ ಪೈಪು. ಯಾರನ್ನೂ ಕೂಡಿಸಾಕ ಬರಂಗಿಲ್ಲ."

"ಬಸುರಿ ಹೆಂಗಸನ್ನೂ?"

"ಯಾರನ್ನೂ."

"ಹಂಗಾದ್ರ ಅದನ್ನ ತಗೋ" ಅಂದೆ. "ನಿಮ್ಮಪ್ಪಗ ಫೋನ್ ಹಚ್ಚು, ನಾನೇ ಹೇಳ್ತೇನಿ."