ಅಮರೇಶನ ಅಂಗಾಲಿನ ಮುಳ್ಳು

ಮೊನ್ನೆ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ನಮ್ಮ ಪಡಸಾಲೆಯಲ್ಲಿ ಹಾಜರಿದ್ದವರು ನಾನು, ನನ್ನ ತಮ್ಮನ ಮಗ ಮತ್ತು ಅವನ ಇಬ್ಬರು ಗೆಳೆಯರು. ಹುಡುಗರು ನಸುಕಿನಲ್ಲೇ ಸಿಂಧನೂರಿಗೆ ಹೋಗಿ ಅರ್ಧ ಮ್ಯಾರಥಾನ್ ಓಡಿ, ಕೊರಳಲ್ಲಿ ಪದಕ ಹಾಕಿಕೊಂಡು ಬಂದಿದ್ದರು. ಮೂವರೂ ಮೊಣಕಾಲಿಗೆ ನೋವಿನ ಮುಲಾಮು ಬಳಿದುಕೊಂಡು ಚಾಪೆಯ ಮೇಲೆ ಬಿದ್ದಿದ್ದರು. ಅದರ ಘಾಟು ಅಡುಗೆಮನೆಯ ಒಗ್ಗರಣೆಯನ್ನೂ ಮೀರಿ ಮನೆ ತುಂಬಿತ್ತು. ಕಾಲು ಸೋತಿದ್ದರೂ ಬಾಯಿ ಸೋತಿರಲಿಲ್ಲ.

"ನನ್ನ ವಾಚಿನಾಗ ಪೂರಾ ಇಪ್ಪತ್ತೊಂದು ಕಿಲೋಮೀಟರ್ ಆಗೇ ಇಲ್ಲಲೇ. ಕಡಿಮಿ ಓಡಿಸ್ಯಾರ."

"ನಿನ್ನ ವಾಚ್ ಸಂತ್ಯಾಗ ತಗೊಂಡಿದ್ದು. ಅದೇನ್ ಅಳೀತೈತಿ, ಬದನಿಕಾಯಿ?"

ಅವರ ಜಗಳ ಕೇಳುತ್ತ ಕುಳಿತವನಿಗೆ ಇನ್ನೊಂದು ಓಟ, ಅದರ ಬೆನ್ನಿಗೇ ಬಂದ ಇನ್ನೊಂದು ಜಗಳ ನೆನಪಾಯಿತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುತ್ತೇನೆ, ಮಾಸ್ತರಿಕೆ ಮಾಡಿದವನಿಗೆ ಕೇಳುಗರ ಅನುಮತಿ ಪಡೆದು ಅಭ್ಯಾಸವಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು. ನಾನಾಗ ಮಸ್ಕಿಯಲ್ಲಿ ಶಾಲಾ ಮಾಸ್ತರ. ಶಿಸ್ತಿನ ಮನುಷ್ಯ ಎಂದು ಹೆಸರಾಗಿದ್ದೆ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ನನ್ನ ಹೆಂಡತಿ ಈ ಮಾತನ್ನು ದೂರು ಹೇಳುವಾಗ ಮಾತ್ರ ಬಳಸುತ್ತಾಳೆ. ಕೋಳಿ ಕೂಗುವ ಮೊದಲು ಏಳುವುದು, ಖಾಕಿ ಚಡ್ಡಿ ತೊಟ್ಟು ಓಡುವುದು, ತಣ್ಣೀರು ಸ್ನಾನ, ಆಮೇಲೆಯೇ ಚಹಾ. ಚಡ್ಡಿ ತೊಟ್ಟ ಮಾಸ್ತರ ರಸ್ತೆಯಲ್ಲಿ ಓಡುವುದು ಆ ಕಾಲಕ್ಕೆ ನಿಂತು ನೋಡುವಂಥ ದೃಶ್ಯ. "ಯಾಕ್ರೀ ಸರ, ಬೆನ್ನ ಹಿಂದ ಯಾರರ ಬಂದಾರೇನ್ರಿ?" ಎಂದು ಕೇಳದವರಿಲ್ಲ. ಪಾಮನಕಲ್ಲೂರಿನ ಪಾಲಕರೊಬ್ಬರು ಸೈಕಲ್ ಮೇಲೆ ನನ್ನ ಪಕ್ಕಕ್ಕೇ ಬಂದು, ನಾನು ಏದುಸಿರು ಬಿಡುತ್ತಿರುವಾಗಲೇ ಮಗನ ಗಣಿತದ ಬಗ್ಗೆ ಎಲ್ಲವನ್ನೂ ಹೇಳಿಕೊಂಡು, ಕೊನೆಗೆ "ನೀವ್ ಏನೂ ಹೇಳವಲ್ರಿ" ಎಂದು ಬೇಸರದಿಂದ ಮುಂದೆ ಹೋಗಿದ್ದರು.

ಈ ಓಟದಲ್ಲಿ ನನಗೆ ಜೊತೆಯಾದವನು ಅಮರೇಶ. ಗುರುಗುಂಟಾದವನು. ಮಸ್ಕಿಯ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ, ಅಲ್ಲೇ ಹಿಂದಿನ ಖೋಲಿಯಲ್ಲಿ ವಾಸ. ಬರಿಗಾಲಲ್ಲಿ ಓಡುತ್ತಿದ್ದ, ಜಿಂಕೆಯಂತೆ ಓಡುತ್ತಿದ್ದ. ಮಾತು ಕಡಿಮೆ. ಆದರೂ ದಿನಾ ಒಟ್ಟಿಗೆ ಬೆವರುವವರ ನಡುವೆ ಗುಟ್ಟು ಬಹಳ ದಿನ ನಿಲ್ಲುವುದಿಲ್ಲ. ಅವನ ಹೆಂಡತಿ ನೀಲಮ್ಮ ಪಂಚಮಿಗೆ ತವರಿಗೆ ಹೋದವಳು ದೀಪಾವಳಿ ಕಳೆದರೂ ತಿರುಗಿ ಬಂದಿರಲಿಲ್ಲ.

ಗಂಡ ಹೆಂಡತಿಯ ನಡುವೆ ಏನೂ ಇರಲಿಲ್ಲ. ಇದ್ದದ್ದು ಬೀಗರ ನಡುವೆ. ಅಮರೇಶನ ಅಣ್ಣ ಶರಣಪ್ಪ ತನ್ನ ಮಗುವಿನ ತೊಟ್ಟಿಲ ಕಾರ್ಯಕ್ಕೆ ನೀಲಮ್ಮನ ತಂದೆಯನ್ನು ಮನೆಗೆ ಹೋಗಿ ಕರೆದಿರಲಿಲ್ಲ. ಬಸ್ಸಿನಲ್ಲಿ ಸಿಕ್ಕ ಯಾರ ಕೈಯಲ್ಲೋ ಹೇಳಿ ಕಳಿಸಿದ್ದ. ಆ ತಂದೆಗೆ ಅದು ಅವಮಾನವಾಯಿತು. ಮಗಳು ಹಬ್ಬಕ್ಕೆ ಬಂದಾಗ, "ಅವರು ಬಂದು ಕರೀಲಿ, ಆವಾಗ ಕಳಿಸ್ತೀನಿ" ಎಂದ. ಇತ್ತ ಶರಣಪ್ಪ, "ತಾನ ಹೋಗ್ಯಾಳ, ತಾನ ಬರಲಿ. ಅವರು ಕರೀದ ನಮ್ಮ ಮನಿಯವ್ರು ಯಾರೂ ಅವರ ಅಂಗಳ ತುಳಿಯಂಗಿಲ್ಲ" ಎಂದ. ತಂದೆಯಿಲ್ಲದ ಮನೆಯಲ್ಲಿ ಅಣ್ಣನ ಮಾತೇ ಕೊನೆ. ಹೀಗೆ ಎರಡು ಮನೆಗಳ ಮಾನದ ನಡುವೆ ಇವರಿಬ್ಬರ ಸಂಸಾರ ಸಿಕ್ಕಿಕೊಂಡು ನಿಂತಿತ್ತು.

ಅಷ್ಟರಲ್ಲಿ ಯುವಕ ಸಂಘದವರು ಅರ್ಧ ಮ್ಯಾರಥಾನ್ ಇಟ್ಟರು. ಮಸ್ಕಿಯ ಆಚೆ ಒಂದು ಮೈಲಿಗಲ್ಲಿನಿಂದ ಶುರು, ಲಿಂಗಸುಗೂರಿನ ಮೈದಾನದಲ್ಲಿ ಕೊನೆ. ಅಮರೇಶ ಗೆಲ್ಲುತ್ತಾನೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ದಾರಿಯನ್ನು ನೆನೆದಾಗ. ನೀಲಮ್ಮನ ತವರು ಆ ರಸ್ತೆಯ ಮೇಲೇ ಇತ್ತು, ಮನೆಯಂತೂ ರಸ್ತೆಗೆ ಮುಖ ಮಾಡಿಯೇ ನಿಂತಿತ್ತು. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ಸಂತೆಯಲ್ಲಿ ಸಿಗುತ್ತಾರೆ.

ಓಟದ ದಿನ ಚಳಿ ಚೆನ್ನಾಗಿತ್ತು. ಎರಡೂ ಬದಿಗೆ ತೆನೆ ಹಿಡಿದ ಬಿಳಿಜೋಳ. ಅಮರೇಶ ಮೊದಲ ಏರಿಗೇ ಎಲ್ಲರನ್ನೂ ಬಿಟ್ಟು ಹೋದ. ನಾನು ಟೈಮ್‌ಟೇಬಲ್ ಪ್ರಕಾರ ಓಡುವವನು, ಎಂದರೆ ನಿಧಾನವಾಗಿ. ಆ ಊರು ತಲುಪುವಾಗ ನನ್ನ ಮುಂದೆ ಬಹಳ ಮಂದಿ ಇದ್ದರು. ಊರಿನ ಜನ ರಸ್ತೆ ಬದಿಯಲ್ಲಿ ಕೊಡ ಇಟ್ಟುಕೊಂಡು ಓಡುವವರಿಗೆಲ್ಲ ನೀರು ಕೊಡುತ್ತಿದ್ದರು. ಅಲ್ಲಿ, ಅಂಗಳದಂಚಿನ ಕಲ್ಲಿನ ಮೇಲೆ, ಗೆದ್ದು ಮುಗಿಸಿರಬೇಕಾಗಿದ್ದ ಅಮರೇಶ ಕುಳಿತಿದ್ದ. ಅವನ ಅಂಗಾಲು ನೀಲಮ್ಮನ ಮಡಿಲಲ್ಲಿತ್ತು. ಅವಳು ಬಳೆಗೆ ಸಿಕ್ಕಿಸಿಕೊಳ್ಳುವ ಪಿನ್ನನ್ನು ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದ್ದಳು. ಅವಳ ತಂದೆ ಇಬ್ಬರಿಗೂ ಬೆನ್ನು ಹಾಕಿ ನಿಂತು, ಯಾವತ್ತೂ ಕಾಣದ್ದನ್ನು ಕಾಣುವವನಂತೆ ತನ್ನದೇ ಬಣವೆಯನ್ನು ದಿಟ್ಟಿಸುತ್ತಿದ್ದ.

ನಾನು ನಿಲ್ಲಲಿಲ್ಲ. ದಾಟುವಾಗ ಮಾತ್ರ ಒಂದು ಸಂಗತಿ ಕಣ್ಣಿಗೆ ಬಿತ್ತು. ನೀಲಮ್ಮನ ಕೈಯಲ್ಲಿದ್ದ ಪಿನ್ನಿನ ಬಾಯಿ ಮುಚ್ಚಿಯೇ ಇತ್ತು.

ಬಹಳ ಹೊತ್ತಿನ ಮೇಲೆ ಅಮರೇಶ ನನ್ನನ್ನು ಹಿಂದಿಕ್ಕಿ ಹೋದ. ಕುಂಟುತ್ತಿರಲಿಲ್ಲ. ಹಾರುತ್ತಿದ್ದ.

ಓಟ ಮುಗಿದ ಮೇಲೆ ಲಿಂಗಸುಗೂರಿನ ಮೈದಾನದ ಬೇವಿನ ಮರದಡಿ ನಾವೆಲ್ಲ ಕಾಲು ಚಾಚಿ ಕುಳಿತೆವು. ಮಂಡಕ್ಕಿಯಿಂದ ಮಾಡಿದ ಮಂಡಾಳ ಒಗ್ಗರಣೆ, ಮಿರ್ಚಿ ಬಂದವು, ಜೊತೆಗೇ ವಾದವೂ ಬಂತು. ದಾರಿಯಲ್ಲಿ ಒಂದು ಮೈಲಿಗಲ್ಲು ಬಿದ್ದು ಹೋಗಿದ್ದರಿಂದ ಜಾಸ್ತಿ ಓಡಿಸಿದ್ದಾರೆಂದು ಒಬ್ಬ, ಓಡುವಾಗ ನೀರು ಕುಡಿಯಲೇಬಾರದೆಂದು ಇನ್ನೊಬ್ಬ. ಸಿಂಧನೂರಿನಿಂದ ಹೊಸ ಬೂಟು ಹಾಕಿಕೊಂಡು ಬಂದಿದ್ದ ತರುಣನೊಬ್ಬ ಬರಿಗಾಲಿನವರಿಗೆ ಬುದ್ಧಿ ಹೇಳುತ್ತಿದ್ದ. ಬಸ್ ಕಂಡಕ್ಟರ್ ಮಾನಪ್ಪ, "ಬೂಟಿಗೂ ಟಿಕೀಟ್ ತಗಸ್ಬೇಕಿತ್ತು ತಮ್ಮಾ, ಓಡೋದ ಬಿಟ್ಟು ಅವು ಬರೇ ಕುಂತು ಬಂದಾವ" ಎಂದ. ಎಲ್ಲರೂ ನಕ್ಕರು. ಅವಮಾನ ತೀರಿಸಿಕೊಳ್ಳಲು ಆ ತರುಣನಿಗೆ ಅಮರೇಶ ಸಿಕ್ಕ.

"ನೀ ಯಾಕ ಹಿಂದ ಉಳಿದೆಪಾ ಅಮರೇಶಾ? ಮಾವನ ಮನಿ ಕಟ್ಟಿ ಭಾಳ ತಂಪಿತ್ತೇನು?"

ಅದು ಅಮರೇಶನ ಮಾವನ ಮನೆಯೆಂದು ನೀರು ಕೊಟ್ಟವರ ಬಾಯಲ್ಲಿ ಕೇಳಿದ್ದನೇ ಹೊರತು ಅವನಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ. ತಮ್ಮ ಗೆಲ್ಲುವುದನ್ನು ನೋಡಲೆಂದು ಗುರುಗುಂಟಾದಿಂದ ಬಂದಿದ್ದ ಶರಣಪ್ಪ ಮರದ ಆಚೆ ಮಗ್ಗುಲಲ್ಲೇ ನಿಂತಿದ್ದಾನೆಂಬುದೂ ಗೊತ್ತಿರಲಿಲ್ಲ.

ಶರಣಪ್ಪ ಈಚೆ ಬಂದ. "ಏನಂದಿ? ಎಲ್ಲಿ ಕುಂತಿದ್ದ?"

ಅಮರೇಶ ನೆಲ ನೋಡುತ್ತ, "ಮುಳ್ಳ ಚುಚ್ಚಿತ್ತಣ್ಣ" ಎಂದ.

"ಅಷ್ಟ್ ಉದ್ದ ದಾರಿಯೊಳಗ ನಿನಗ ಮುಳ್ಳು ಅಲ್ಲೇ ಸಿಗಬೇಕಾ?"

ಆಗ ನಡೆದದ್ದನ್ನು ನಾನು ಮರೆಯಲಾರೆ. ಅಷ್ಟು ಹೊತ್ತು ಮೈಲಿಗಲ್ಲಿಗೆ, ನೀರಿಗೆ, ಬೂಟಿಗೆ ಒಬ್ಬರ ಮಾತು ಒಬ್ಬರು ಒಪ್ಪದಿದ್ದ ಓಟಗಾರರೆಲ್ಲ ಆ ಒಂದು ಮುಳ್ಳಿನ ವಿಷಯದಲ್ಲಿ ಒಂದಾದರು.

"ಅಲ್ಲಿ ಭಾಳ ಜಾಲಿ ಅದಾವ್ರಿ ಅಣ್ಣಾರ" ಎಂದ ಒಬ್ಬ. "ನನಗೂ ಚುಚ್ಚೈತ್ರಿ" ಎಂದು ಇನ್ನೊಬ್ಬ ಅಂಗಾಲು ಎತ್ತಿ ತೋರಿಸಿದ. ಅಲ್ಲಿ ಇದ್ದದ್ದು ಡಾಂಬರು. "ಅದು ಮುಳ್ಳಲ್ರಿ, ಮೊಳೀನ ಅನ್ರಿ" ಎಂದ ಮಾನಪ್ಪ. ತನ್ನ ಮಾತಿನ ತಪ್ಪು ಅರಿವಾದ ಬೂಟಿನ ತರುಣನೂ, "ಅದಕ್ಕ ನಾ ಬೂಟ್ ಹಾಕೋರಿ ಅಂತ ಬಡಕೊಳ್ಳೋದು" ಎಂದು ದನಿಗೂಡಿಸಿದ.

ಶರಣಪ್ಪ ಇವರನ್ನೆಲ್ಲ ಬಿಟ್ಟು ನನ್ನ ಕಡೆ ತಿರುಗಿದ. "ಮಾಸ್ತರ್, ನೀವ್ ಸುಳ್ಳ ಹೇಳೋರಲ್ಲ. ನೀವ್ ನೋಡೀರೇನು?"

ಎಲ್ಲರ ಕಣ್ಣೂ ನನ್ನ ಮೇಲೆ. ಅಮರೇಶ ಮಾತ್ರ ತಲೆ ಎತ್ತಲಿಲ್ಲ. ಪ್ರಶ್ನೆ ಎಷ್ಟಿದೆಯೋ ಉತ್ತರ ಅಷ್ಟೇ ಇರಬೇಕೆಂದು ಮಕ್ಕಳಿಗೆ ಕಲಿಸಿದವನು ನಾನು. "ಆಕಿ ಅಂವನ ಕಾಲು ಮಡಿಲಾಗಿಟ್ಕೊಂಡು, ಪಿನ್ನು ಹಿಡದು ಕುಂತಿದ್ದನ್ನ ಕಣ್ಣಾರೆ ನೋಡೀನ್ರಿ" ಎಂದೆ. ಪಿನ್ನಿನ ಬಾಯಿಯ ವಿಚಾರ ಅವನು ಕೇಳಲಿಲ್ಲ.

ಶರಣಪ್ಪ ತಮ್ಮನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅವನ ಎರಡೂ ಅಂಗಾಲುಗಳನ್ನು ಎತ್ತಿ ಎತ್ತಿ ನೋಡಿದ. ಒಕ್ಕಲುತನದ ಮನುಷ್ಯ. ಮುಳ್ಳು ತಗುಲಿದ ಕಾಲು ಯಾವುದು, ತಗುಲದ ಕಾಲು ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿರುಕುಬಿಟ್ಟ ಹಿಮ್ಮಡಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದ.

"ಮುರಿದು ಅರ್ಧ ಒಳಗ ಉಳದೈತಿ" ಎಂದ ಕೊನೆಗೆ. "ತೆಗಿಯಾಕ ಕುಂತಾಕಿ ಪೂರಾ ತೆಗೀಬೇಕು. ಮನಿಗೆ ಬಂದು ತೆಗೀಲಿ. ನಾಳೆ ನಾನ ಹೋಗಿ ಹೇಳ್ತೀನಿ." ಎದ್ದು ಧೋತರ ಝಾಡಿಸಿಕೊಂಡು ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದ: "ಕರಿಯಾಕಲ್ಲ ಮತ್ತ. ಮುಳ್ಳ ತೆಗಿಯಾಕ."

"ಒಂದ್ ದಿನದ ಕೆಲಸ ಅಲ್ರಿ ಅದು" ಎಂದ ಮಾನಪ್ಪ. ಶರಣಪ್ಪ ನಗು ತಡೆಯಲು ಮೀಸೆ ಒರೆಸಿಕೊಂಡ.

ಕೆಲವು ವಾರಗಳ ನಂತರ ಮಸ್ಕಿಯ ಸಂತೆಯಲ್ಲಿ ಅಮರೇಶ ಕೈಚೀಲ ಹಿಡಿದು ಹಿಂದೆ, ನೀಲಮ್ಮ ಮುಂದೆ ಬರುತ್ತಿದ್ದುದು ಕಂಡಿತು. ಅವಳು ಸೆರಗು ಸರಿಮಾಡಿಕೊಂಡು ನನಗೆ ನಮಸ್ಕಾರ ಮಾಡಿದಳು. "ಸರ, ಆ ಮುಳ್ಳು ಇನ್ನಾ ಸಿಕ್ಕಿಲ್ಲ ನೋಡ್ರಿ. ಹುಡುಕಾಕತ್ತೀನಿ" ಎಂದಳು. ಅಮರೇಶ ಉಳ್ಳಾಗಡ್ಡಿಯ ರಾಶಿಯ ಕಡೆ ಮುಖ ತಿರುಗಿಸಿದ.

ಇದನ್ನೆಲ್ಲ ಮೊನ್ನೆ ಹುಡುಗರಿಗೆ ಹೇಳಿದೆ. ಕೇಳಿ ಮುಗಿಸಿದ ನನ್ನ ತಮ್ಮನ ಮಗ, "ಅದು ಸರಿ ದೊಡ್ಡಪ್ಪ, ಆ ಓಟ ಗೆದ್ದೋರು ಯಾರು?" ಎಂದ. ಯೋಚಿಸಿದೆ. ಹಾಜರಿ ಪುಸ್ತಕದ ಹೆಸರುಗಳನ್ನು ಇಂದಿಗೂ ಸಾಲಾಗಿ ಹೇಳಬಲ್ಲೆನಾದರೂ, ಆ ಗೆದ್ದವನ ಹೆಸರು, ಮುಖ, ಊರು ಒಂದೂ ನೆನಪಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಬಹುಮಾನ ಹಂಚುವಾಗ ನಾವ್ಯಾರೂ ಆ ಕಡೆ ನೋಡಿಯೇ ಇರಲಿಲ್ಲ.

ಉತ್ತರ ಹೇಳಲು ತಿರುಗಿದರೆ ಮೂವರೂ ನಿದ್ದೆ ಹೋಗಿದ್ದರು. ನಮ್ಮ ಮನೆಯಲ್ಲಿ ಹಗಲು ಮಲಗುವ ಪದ್ಧತಿಯಿಲ್ಲ. ನನ್ನ ಮಕ್ಕಳನ್ನೂ ಹಾಗೆ ಮಲಗಲು ಬಿಟ್ಟವನಲ್ಲ. ಕಿಟಕಿಯ ಬಿಸಿಲು ಅವರ ಮುಖದ ಮೇಲೆ ಬೀಳುತ್ತಿತ್ತು. ಎದ್ದು ಸದ್ದಾಗದಂತೆ ಕಿಟಕಿ ಮುಚ್ಚಿದೆ. ಆ ದಿನದ ಉಳಿದ ಕೆಲಸಗಳನ್ನು ಮರುದಿನಕ್ಕೆ ಬಿಟ್ಟೆ.