ಕೂಸುಗಳ ಕಣ್ಣು ಕಾಯುವ ತುಳಸಾಬಾಯಿ

೨೦೦೬ರ ಜನವರಿ, ಬೆಳಗಿನ ಐದೂವರೆ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಗೆ ಹಾಲಿನವನೂ ಇನ್ನೂ ಬಂದಿಲ್ಲ. ತುಳಸಾಬಾಯಿ ಚಹಾ ಸೋಸುತ್ತ, "ಸುಭದ್ರಾ, ಇವತ್ತು ಯಾರ ದಿನ ಐತವ್ವಾ?" ಎಂದು ಕೇಳುತ್ತಾರೆ. ಹಾಸಿಗೆ ಮಡಚುತ್ತಿರುವ ಮಗಳು ಪಟಪಟನೆ ಒಪ್ಪಿಸುತ್ತಾಳೆ. "ತಾರ್ನಾಕದ ಶೋಭಾ ಅವರ ಕೂಸಿಗೆ ಇಪ್ಪತ್ತೆಂಟು ದಿನ. ಹೋದ ವಾರಾನ ಕಣ್ಣು ತೋರಸಾಕ ಬರಬೇಕಾಗಿತ್ತು, ಬಂದಿಲ್ಲ. ಮೊದಲು ಅಲ್ಲಿಗೆ ಹೋಗು."

ಸರ್ಕಾರಿ ಆಸ್ಪತ್ರೆಯೊಂದರ ಹಸುಗೂಸುಗಳ ವಾರ್ಡಿನಲ್ಲಿ ತುಳಸಾಬಾಯಿ ಆಯಾ. ತಿಂಗಳು ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ. ಅವು ಅಡ್ಡಾದಿಡ್ಡಿ ಬೆಳೆದರೆ ಪರದೆ ಕಿತ್ತುಬಂದು ದೃಷ್ಟಿಯೇ ಹೋಗಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮೂವತ್ತು ದಿನದೊಳಗೆ ಡಾಕ್ಟರು ಪರೀಕ್ಷಿಸಿದರೆ, ಬೇಕಿದ್ದರೆ ಲೇಸರ್ ಹಾಕಿ ಉಳಿಸಿಕೊಳ್ಳಬಹುದು. ಆದರೆ ನಮ್ಮ ಮನೆಗಳಲ್ಲಿ ನಲವತ್ತು ದಿನ ಕೂಸು ಹೊಸ್ತಿಲು ದಾಟುವಂತಿಲ್ಲವಲ್ಲ! ಆ ಮೂವತ್ತಕ್ಕೂ ಈ ನಲವತ್ತಕ್ಕೂ ನಡುವೆ ಓಡಾಡುವ ಕೆಲಸವನ್ನು ತುಳಸಾಬಾಯಿ ತಾವೇ ಮೈಮೇಲೆ ಹಾಕಿಕೊಂಡಿದ್ದಾರೆ.

ಅದಕ್ಕೆ ಕಾರಣ ಮನೆಯಲ್ಲೇ ಇದೆ. ಸುಭದ್ರಾ ಏಳು ತಿಂಗಳಿಗೇ ಹುಟ್ಟಿದವಳು. ಇದೇ ಊರಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಿಂಗಳಿದ್ದು ಬದುಕಿಕೊಂಡಳು. "ಜೀವ ಉಳೀತಂತ ಓಣಿಗೆಲ್ಲಾ ಪೇಡೆ ಹಂಚಿದ್ದೆ. ಕಣ್ಣಿನ ಸುದ್ದಿ ಆಗ ಯಾರಿಗೆ ಗೊತ್ತಿತ್ರಿ?" ಎನ್ನುತ್ತಾರೆ ತಾಯಿ. ಇಪ್ಪತ್ತಮೂರರ ಸುಭದ್ರಾ ಈಗ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ತಾಯಿಗೆ ಓದುಬರಹ ಅಷ್ಟಕ್ಕಷ್ಟೆ, ಹಾಗಾಗಿ ಮಗಳ ತಲೆಯೇ ರಿಜಿಸ್ಟರು. ಸದ್ಯ ಅದರೊಳಗೆ ಮೂವತ್ತೊಂದು ಕೂಸುಗಳಿವೆ.

ಮೊದಮೊದಲು ಎಡವಿದ್ದೂ ಉಂಟು. ಚೀಟಿಯಲ್ಲಿದ್ದ ವಿಳಾಸ ಹಿಡಿದು ಬಾಲಾನಗರಕ್ಕೆ ಹೋದರೆ ಮನೆಗೆ ಬೀಗ. ಅದು ಗಂಡನ ಮನೆ! ಬಾಣಂತಿ ತವರಿನಲ್ಲಿ! "ನಾನೂ ನಾಕು ಹಡದಾಕಿ. ಬಾಣಂತನ ತವರಾಗ ಅಂತ ಹೊಳೀಲೇ ಇಲ್ಲ ನೋಡ್ರಿ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಆ ಕೂಸು ಸಿಗುವಷ್ಟರಲ್ಲಿ ಎರಡು ತಿಂಗಳು ಕಳೆದು ಒಂದು ಕಣ್ಣು ಹೋಗಿತ್ತು. ಅಂದಿನಿಂದ ಮನೆಗೆ ಹೊರಡುವ ಪ್ರತಿ ತಾಯಿಗೂ ಅವರದು ಒಂದೇ ಪ್ರಶ್ನೆ: "ತವರುಮನಿ ಎಲ್ಲವ್ವಾ?"

ತಾರ್ನಾಕದಲ್ಲಿ ಶೋಭಾಳ ತಾಯಿ ಉಮಾಬಾಯಿ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ನಲವತ್ತು ದಿನ ಆಗೂತನಕ ಕೂಸು ಹೊಸ್ತಿಲಾ ದಾಟಂಗಿಲ್ರಿ. ಗಾಳಿ ಸೋಕಿದ್ರ ಏನು ಮಾಡೂದು?"

ತುಳಸಾಬಾಯಿ ಜಗಳಕ್ಕಿಳಿಯುವ ಪೈಕಿ ಅಲ್ಲ. "ಖರೇ ಐತ್ರಿ. ಆದ್ರ ಈ ಕೂಸು ಎರಡು ತಿಂಗಳು ಮೊದಲ ಹೊಸ್ತಿಲಾ ದಾಟಿ ಬಂದೈತಿ. ನಮ್ಮನ್ನ ಕೇಳಿ ಬಂತೇನ್ರಿ?"

ಉಮಾಬಾಯಿ ಫಕ್ಕನೆ ನಕ್ಕುಬಿಡುತ್ತಾರೆ. ಆ ನಗು ಇಳಿದ ಮೇಲೆ ತುಳಸಾಬಾಯಿ ಮೆಲ್ಲಗೆ ಹೇಳುತ್ತಾರೆ, "ನಂದೂ ಒಂದು ಐತ್ರಿ ಮನ್ಯಾಗ. ಭಾಳ ಶಾಣ್ಯಾಕಿ. ವಾಸನಿ ಮ್ಯಾಲೆ ಅಡಿಗಿ ಯಾವುದಂತ ಹೇಳ್ತಾಳ. ನನ್ನ ಮಾರಿ ಮಾತ್ರ ಒಂದು ದಿನಾನೂ ನೋಡಿಲ್ಲ."

ಉಮಾಬಾಯಿ ಒಳಗೆ ಹೋಗುತ್ತಾರೆ. ಕೂಸಿನ ಕುಲಾಯಿಗೆ ಬೇವಿನೆಲೆ ಸಿಕ್ಕಿಸಿ, ಶಾಲು ಸುತ್ತಿ, ತಾವೇ ಎತ್ತಿಕೊಂಡು ಆಟೋ ಹತ್ತುತ್ತಾರೆ.

ಆಸ್ಪತ್ರೆಯಲ್ಲಿ ತುಳಸಾಬಾಯಿ ಕಣ್ಣಿಗೆ ಹನಿ ಹಾಕಿ, ಅಲುಗದಂತೆ ಕೂಸಿನ ತಲೆ ಹಿಡಿಯುತ್ತಾರೆ. ಡಾಕ್ಟರು ಬೆಳಕು ಬಿಟ್ಟು ನೋಡುತ್ತಾರೆ. ರೋಗ ಆಗಲೇ ಶುರುವಾಗಿದೆ, ಎರಡೂ ಕಣ್ಣಿನಲ್ಲಿ. ಮಧ್ಯಾಹ್ನವೇ ಲೇಸರ್ ಆಗುತ್ತದೆ. ನಲವತ್ತು ದಿನ ಕಾದಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದಾಗ ಉಮಾಬಾಯಿ ತುಳಸಾಬಾಯಿಯ ಕೈ ಹಿಡಿದು ಗೊಳೋ ಎಂದು ಅಳುತ್ತಾರೆ.

ಅದಾಗಿ ಆರು ತಿಂಗಳು. ಗುಂಡುಗುಂಡಗಾದ ಅದೇ ಕೂಸು ತಪಾಸಣೆಗೆ ಬಂದಿದೆ. ದೂರದಿಂದ ತುಳಸಾಬಾಯಿಯನ್ನು ಕಂಡದ್ದೇ ತಡ, ತುಟಿ ಸೊಟ್ಟ ಮಾಡಿ ಕಿಟಾರನೆ ಕಿರುಚುತ್ತದೆ. "ಎಲ್ಲಾ ಕೂಸೂ ಹಂಗ ಮಾಡ್ತಾವ್ರಿ, ಹನಿ ಹಾಕೂ ಮುದುಕಿ ಬಂದ್ಲು ಅಂತ!" ಎಂದು ಅವರು ಹಿಗ್ಗುತ್ತಾರೆ.

ಸಂಜೆ ಈ ಸುದ್ದಿ ಕೇಳಿ ಸುಭದ್ರಾ ಬಿದ್ದುಬಿದ್ದು ನಗುತ್ತಾಳೆ. "ಅವ್ವಾ, ನಿನ್ನ ಮಾರಿ ಅಷ್ಟು ಕೆಟ್ಟ ಐತೇನ?"

"ಹೂನವ್ವಾ," ಎನ್ನುತ್ತಾರೆ ತುಳಸಾಬಾಯಿ, ಮಗಳ ತಲೆ ಬಾಚುತ್ತ. "ಇವತ್ತು ಇನ್ನೊಂದು ಕೂಸು ನನ್ನ ಮಾರಿ ನೋಡಿ ಹೇಳ್ತು."